ಹಾಜರಿ ಪುಸ್ತಕದಲ್ಲಿಲ್ಲದ ಮಂಜಿ

ಮಂಜಿ ನಮ್ಮ ಹಂಚಿನ ಕಾರ್ಖಾನೆಯಲ್ಲಿ ಏಳು ವರ್ಷ ದುಡಿದಳು. ಆ ಏಳೂ ವರ್ಷ ಅಲ್ಲಿಯ ಹಾಜರಿ ಪುಸ್ತಕ ಬರೆದವನು ನಾನು. ಆ ಪುಸ್ತಕದಲ್ಲಿ ಮಂಜಿ ಎಂಬ ಹೆಸರು ಒಂದು ಸಲವೂ ಬಂದಿಲ್ಲ. ನನ್ನ ಅಕ್ಷರ ದುಂಡಗಿತ್ತು, ಬರೆದದ್ದನ್ನು ಹೊಡೆದು ಹಾಕುವ ಅಭ್ಯಾಸ ಇರಲಿಲ್ಲ, ಇನ್‌ಸ್ಪೆಕ್ಟರ್ ಬಂದಾಗಲೆಲ್ಲ ಪುಸ್ತಕ ತಿರುವಿ ಮೆಚ್ಚಿಕೊಂಡೇ ಹೋಗುತ್ತಿದ್ದರು. ಜಂಬಕ್ಕೆ ಹೇಳುತ್ತಿಲ್ಲ. ಇಷ್ಟು ಚೊಕ್ಕಟವಾದ ಪುಸ್ತಕದಲ್ಲಿ ಒಬ್ಬ ಹೆಂಗಸು ಏಳು ವರ್ಷ ಕಾಣದೇ ಉಳಿದದ್ದು ಹೇಗೆ ಎಂದು ಯಾರಿಗಾದರೂ ಅನಿಸಬಹುದು, ಅದಕ್ಕೆ ಹೇಳಿದೆ.

ಕಾರ್ಖಾನೆ ಇದ್ದದ್ದು ಹೊನ್ನಾವರದಲ್ಲಿ, ಶರಾವತಿ ಹೊಳೆಯ ದಂಡೆಗೆ. ಗದ್ದೆಗಳ ಜೇಡಿಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹಂಚು ದೋಣಿಯಲ್ಲೇ ಭಟ್ಕಳದವರೆಗೆ ಹೋಗುತ್ತಿತ್ತು. ಅಲ್ಲಿಯ ಜಾಲಿ ಊರಿನ ಕಡೆ ಎಷ್ಟೋ ಮನೆಗಳ ಮಾಡಿನ ಮೇಲೆ ನಮ್ಮ ಹಂಚುಗಳೇ ಇದ್ದವು. ಯಜಮಾನರು ಮಹಾಗಣಪತಿ ಹೆಗಡೆಯವರು, ಅಡಿಕೆ ತೆಂಗಿನ ತೋಟದ ಮನೆತನದವರು. ನಾನು ಶಾಂತಾರಾಮ ಭಟ್ಟ, ಊರು ಕಾಯ್ಕಿಣಿ, ಹೆಗಡೆಯವರಿಗೆ ತಾಯಿಯ ಕಡೆಯಿಂದ ದೂರದ ನೆಂಟ. ೧೯೫೭ರಲ್ಲಿ ಗುಮಾಸ್ತನಾಗಿ ಸೇರಿದೆ. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಯಾವ ಫಾರಂ ಮುಂಬಯಿಯದು, ಯಾವುದು ಮೈಸೂರಿನದು, ಯಾವುದನ್ನು ಎಲ್ಲಿಗೆ ಕಳಿಸಬೇಕು ಎಂಬುದು ಕಳಿಸುವವರಿಗೂ ತರಿಸಿಕೊಳ್ಳುವವರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಾನು ಎರಡನ್ನೂ ತುಂಬಿ ಎರಡೂ ಕಡೆ ಕಳಿಸುತ್ತಿದ್ದೆ. ಯಾರೂ ತಪ್ಪು ಹಿಡಿಯಲಿಲ್ಲ.

ಹೆಗಡೆಯವರು ಕೆಟ್ಟ ಮನುಷ್ಯರಲ್ಲ. ಆಳುಗಳಿಗೆ ಕೂಲಿ ತಡಮಾಡಿದವರಲ್ಲ, ಯಾರ ಮೇಲೂ ಕೈ ಎತ್ತಿದವರಲ್ಲ. ಹೊಸ ಕಾಯಿದೆ ಬಂತು ಎಂದರೆ ಮಾತ್ರ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಎಷ್ಟು ಜನ ಇದ್ದರೆ ಇದು ನಮಗೆ ಹತ್ತುತ್ತದೆ? ಐವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆ ಅವರ ಕೂಸುಗಳಿಗೆ ಒಂದು ಕೋಣೆ ಕಟ್ಟಿಸಿ, ನೋಡಿಕೊಳ್ಳಲು ಒಬ್ಬಳನ್ನು ಇಡಬೇಕು ಎಂದು ಕಾಯಿದೆ ಇತ್ತು. ನಮ್ಮ ಪುಸ್ತಕದಲ್ಲಿ ಹೆಂಗಸರು ನಲವತ್ತೆಂಟು. ನಾನು ಸೇರಿದ ವರ್ಷವೂ ನಲವತ್ತೆಂಟು, ಏಳು ವರ್ಷ ಕಳೆದ ಮೇಲೂ ನಲವತ್ತೆಂಟು. ಹಂಚು ಸುಡುವ ಭಟ್ಟಿ ಒಂದಿದ್ದದ್ದು ಎರಡಾದರೂ ಆ ಸಂಖ್ಯೆ ಅಲ್ಲಾಡಲಿಲ್ಲ.

ಈ ನಲವತ್ತೆಂಟು ಜಾಗಗಳು ನಿಜವಾಗಿ ಹೆಂಗಸರವಲ್ಲ, ಮನೆಗಳವು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ನಾನು ಬರುವ ಮೊದಲಿನಿಂದಲೂ ನಡೆದುಬಂದಿತ್ತು. ಒಬ್ಬಳು ಹೆತ್ತಳು ಎಂದರೆ ಅವಳ ತಂಗಿಯೋ ಓರಗಿತ್ತಿಯೋ ಮರುದಿನ ಬೆಳಿಗ್ಗೆ ಸಾಲಿನಲ್ಲಿ ನಿಲ್ಲುತ್ತಿದ್ದಳು. ನಾನು ಹೆತ್ತವಳ ಹೆಸರು ಕರೆಯುತ್ತಿದ್ದೆ, ಬಂದವಳು ಓ ಎನ್ನುತ್ತಿದ್ದಳು, ನಾನು ಹಾಜರಿ ಹಾಕುತ್ತಿದ್ದೆ. ಇದಕ್ಕೆ ಬದಲಿ ಎಂದು ಹೆಸರು. ಮನೆಗೆ ಕೂಲಿ ತಪ್ಪಲಿಲ್ಲ, ಯಜಮಾನರಿಗೆ ಆಳು ತಪ್ಪಲಿಲ್ಲ, ನನ್ನ ಪುಸ್ತಕದಲ್ಲಿ ಒಂದು ಚೌಕವೂ ಖಾಲಿ ಬೀಳಲಿಲ್ಲ. ಬಾಣಂತಿಗೆ ರಜೆಯ ಹಣ ಕೊಡಬೇಕೆಂದು ಕಾಯಿದೆ ಇದ್ದದ್ದು ನನಗೆ ಗೊತ್ತಿತ್ತು. ಕಾಯಿಲೆ ಬಿದ್ದವರ ರಜೆಗೂ ನಿಯಮ ಇತ್ತು. ಅವರು ಕೇಳಲಿಲ್ಲ, ನಾವು ಹೇಳಲಿಲ್ಲ.

ಕಳಿಸಲು ಇನ್ನೊಬ್ಬ ಹೆಂಗಸಿಲ್ಲದ ಮನೆಯವರು ಮಂಜಿಯನ್ನು ಕರೆಯುತ್ತಿದ್ದರು. ಅವಳು ಹೊಳೆಯಾಚೆಯ ಕೇರಿಯವಳು. ಮದುವೆಯಾದ ಮೂರನೆಯ ವರ್ಷ ಗಂಡ ಘಟ್ಟದ ಮೇಲೆ ಮರ ಕಡಿಯುವ ಕೆಲಸಕ್ಕೆಂದು ಹೋದವನು ತಿರುಗಿ ಬರಲಿಲ್ಲ. ಅಂದಿನಿಂದ ಅಣ್ಣ ತಿಮ್ಮಪ್ಪನ ಮನೆಯಲ್ಲೇ ಇದ್ದಳು. ತಿಮ್ಮಪ್ಪನ ಮನೆಯ ಜಾಗ ಅವನ ಹೆಂಡತಿ ಅಂಬಾಳ ಹೆಸರಿನಲ್ಲಿತ್ತು. ಹಾಗಾಗಿ ಮಂಜಿಗೆ ತನ್ನದೆಂಬ ಜಾಗ ಇರಲಿಲ್ಲ, ಊರವರದೆಲ್ಲ ಅವಳದೇ ಆಗಿತ್ತು. ಒಬ್ಬಳ ಬಾಣಂತನ ಮುಗಿಯುವ ಹೊತ್ತಿಗೆ ಇನ್ನೊಬ್ಬಳಿಗೆ ಕಾಮಾಲೆ, ಅವಳು ಎದ್ದಳು ಎನ್ನುವಾಗ ಮತ್ತೊಬ್ಬಳ ತವರಿನಲ್ಲಿ ಸಾವು. ವರ್ಷಕ್ಕೆ ಎಂಟು ತಿಂಗಳಾದರೂ ಅವಳು ಕಾರ್ಖಾನೆಯಲ್ಲಿರುತ್ತಿದ್ದಳು. ಬಂದ ಕೂಲಿಯಲ್ಲಿ ಅರ್ಧ ಹೆಸರಿನವಳಿಗೆ, ಅರ್ಧ ಮಂಜಿಗೆ.

ಗಿಡ್ಡನೆಯ, ಗಟ್ಟಿ ಆಳು. ಬಾಯಲ್ಲಿ ಸದಾ ಎಲೆಯಡಿಕೆಯ ಕವಳ. ಯಾರ ಬದಲಿ ಬಂದಿರುತ್ತಿದ್ದಳೋ ಅವರ ದನಿಯಲ್ಲೇ ಓಗೊಡುವುದು ಅವಳ ಚೇಷ್ಟೆ. ದುರ್ಗಮ್ಮನ ಹೆಸರು ಕರೆದರೆ ನಿದ್ದೆಗಣ್ಣಿನ ರಾಗ, ಮಾದೇವಿಯ ಹೆಸರಿಗೆ ಜಗಳಕ್ಕೆ ಬಂದವಳ ಗಡಸು, ಹಮ್ಮ ಎಂಬವಳ ಹೆಸರಿಗೆ ಮೂಗಿನಿಂದ ಒಂದು ಸ್ವರ. ಇಡೀ ಸಾಲು ನಗುತ್ತಿತ್ತು. ನಾನು ಗುಮಾಸ್ತ, ನಗಬಾರದು ಎಂದು ತಲೆ ಬಗ್ಗಿಸಿ ಬರೆಯುತ್ತಿದ್ದೆ. ಕೆಲಸದಲ್ಲಿ ಮಾತ್ರ ಚೇಷ್ಟೆ ಇಲ್ಲ. ಮಣ್ಣು ಹೊರುವುದು, ಹಸಿ ಹಂಚು ಒಣಗಿಸುವುದು, ಭಟ್ಟಿಯ ಬಾಯಿಗೆ ಸೌದೆ ಒಡ್ಡುವುದು, ಸುಟ್ಟ ಹಂಚನ್ನು ಬೆರಳ ಗೆಣ್ಣಿನಿಂದ ಬಡಿದು ನಾದ ಕೇಳಿ ಮೊದಲ ದರ್ಜೆ ಎರಡನೆಯ ದರ್ಜೆ ಎಂದು ಆರಿಸುವುದು, ಎಲ್ಲ ಬರುತ್ತಿತ್ತು. ಉಳಿದ ಹೆಂಗಸರಿಗೆ ತಮ್ಮ ತಮ್ಮ ಕೆಲಸ ಮಾತ್ರ ಗೊತ್ತು. ಮಂಜಿಗೆ ಎಲ್ಲರದ್ದೂ ಗೊತ್ತಿತ್ತು, ಏಕೆಂದರೆ ಎಲ್ಲರದ್ದನ್ನೂ ಮಾಡಿದ್ದಳು.

ಒಮ್ಮೆ, ಐದನೆಯ ವರ್ಷವಿರಬೇಕು, ತನ್ನ ಹೆಸರನ್ನೂ ಒಂದು ಕಡೆ ಬರೆಯಬಹುದೇ ಎಂದು ಅವಳು ನನ್ನನ್ನು ಕೇಳಿದಳು. ನಾನು ಯಜಮಾನರಿಗೆ ಹೇಳಿದೆ. ನಲವತ್ತೊಂಬತ್ತು ಮಾಡಿದರೆ ಇನ್ನೊಬ್ಬಳೂ ಬರುತ್ತಾಳೆ, ಆಮೇಲೆ ಮತ್ತೊಬ್ಬಳು, ಕೊನೆಗೆ ಕೂಸಿನ ಕೋಣೆ ಕಟ್ಟಿಸುವುದೇ ಕೆಲಸವಾಗುತ್ತದೆ ಎಂದರು. ಮಾತಿನಲ್ಲಿ ಲೆಕ್ಕ ಸರಿಯಾಗಿತ್ತು. ಮಂಜಿಗೆ ಮುಂದೆ ನೋಡುವಾ ಎಂದೆ. ಅವಳು ಮತ್ತೆ ಕೇಳಲಿಲ್ಲ, ನಾನೂ ನೋಡಲಿಲ್ಲ.

೧೯೬೪ರ ಜನವರಿಯಲ್ಲಿ ಅಂಬಾಳಿಗೆ ಮೂರನೆಯ ಹೆರಿಗೆಯಾಯಿತು. ಮಂಜಿ ಅತ್ತಿಗೆಯ ಬದಲಿಗೆ ಬಂದಳು. ಅಂಬಾಳ ಕೆಲಸ ಮಣ್ಣು ಅರೆಯುವ ಯಂತ್ರದ ಹತ್ತಿರ. ಮೇಲಿನ ಬಾಯಿಂದ ಮಣ್ಣಿನ ಮುದ್ದೆ ಹಾಕುತ್ತ, ಅದರೊಳಗಿನ ಬೇರು ಕಲ್ಲು ಆರಿಸಿ ತೆಗೆಯಬೇಕು. ಒಳಗೆ ಅಲಗುಗಳು ತಿರುಗುತ್ತಿರುತ್ತವೆ. ಬಾಯಿಗೆ ಕಬ್ಬಿಣದ ಸರಳಿನ ಜಾಲರಿ ಇತ್ತು, ಆದರೆ ಮುದ್ದೆ ಬೇಗ ಇಳಿಯುವುದಿಲ್ಲ ಎಂದು ಅದನ್ನು ತೆಗೆದು ಗೋಡೆಗೆ ಒರಗಿಸಿಟ್ಟಿದ್ದರು. ಹೆರಿಗೆಯಾದ ಇಪ್ಪತ್ತನೆಯ ದಿನ ಬೆಳಿಗ್ಗೆ ಒಂದು ಬೇರು ಎಳೆಯಲು ಹೋಗಿ ಮಂಜಿಯ ಬಲಗೈ ಒಳಗೆ ಹೋಯಿತು. ಯಂತ್ರ ತಿರುಗಿಸುವ ಪಟ್ಟಿ ಕಳಚಿ ಅದನ್ನು ನಿಲ್ಲಿಸುವುದರೊಳಗೆ ಮೂರು ಬೆರಳು ಹೋಗಿದ್ದವು. ಹೆಬ್ಬೆರಳು ಮತ್ತು ತೋರುಬೆರಳು ಉಳಿದವು. ಅವಳನ್ನು ಸರಕಾರಿ ಆಸ್ಪತ್ರೆಗೆ ಸೇರಿಸಿದೆವು.

ಅಪಘಾತವಾದರೆ ಸರಕಾರಕ್ಕೆ ತಿಳಿಸುವ ಫಾರಂ ಇರುತ್ತದೆ. ಯಾವ ಯಂತ್ರ, ಎಷ್ಟು ಹೊತ್ತಿಗೆ, ಯಾರಿಗೆ. ನಾನು ಅದನ್ನು ಅಂದೇ ತುಂಬಿ ಅಂದೇ ಟಪಾಲಿಗೆ ಹಾಕಿದೆ. ಯಾರಿಗೆ ಎಂಬ ಕಡೆ ಪುಸ್ತಕ ನೋಡಿ ಅಂಬಾ ಎಂದು ಬರೆದೆ. ಮೋಸ ಮಾಡಬೇಕೆಂದಲ್ಲ. ಯಂತ್ರದ ಹತ್ತಿರ ಯಾರು ನಿಂತಿದ್ದರು ಎಂದು ನೋಡುವುದು ನನ್ನ ಅಭ್ಯಾಸವೇ ಆಗಿರಲಿಲ್ಲ. ಪುಸ್ತಕದಲ್ಲಿ ಇದ್ದವರೇ ನಿಂತಿದ್ದವರು. ರಕ್ತ ಸುರಿಯುತ್ತಿದ್ದ ಕೈಗೆ ಪಂಚೆ ಸುತ್ತಿ ಮಂಜಿಯನ್ನು ಗಾಡಿ ಹತ್ತಿಸಿದವನು ನಾನೇ. ಬಂದು ಕೈ ತೊಳೆದು ಅಂಬಾ ಎಂದು ಬರೆದವನೂ ನಾನೇ. ಇಂಥ ತಪ್ಪು ಗುಮಾಸ್ತರಿಗೆ ಮಾತ್ರ ಸಾಧ್ಯ.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಹೆಸರು ಕೇಳಿದ್ದಾರೆ, ಮಂಜಿ ಎಂದು ಅವಳು ಹೇಳಿದ್ದಾಳೆ. ಆಸ್ಪತ್ರೆಯ ಕಾಗದವೂ ಮೇಲಕ್ಕೆ ಹೋಯಿತು. ಎರಡು ತಿಂಗಳ ಮೇಲೆ ಪರಿಹಾರದ ಅಧಿಕಾರಿಯ ಕಚೇರಿಯಿಂದ ಪತ್ರ ಬಂತು. ನಿಮ್ಮ ಒಂದೇ ಯಂತ್ರದಲ್ಲಿ ಒಂದೇ ದಿನ ಒಂದೇ ಹೊತ್ತಿಗೆ ಇಬ್ಬರು ಹೆಂಗಸರ ಬಲಗೈಯ ಮೂರು ಮೂರು ಬೆರಳು ಹೋದಂತೆ ಕಾಣುತ್ತದೆ, ವಿವರಣೆ ಕಳಿಸಿ ಎಂದು.

ಪತ್ರ ಹಿಡಿದು ನಾನೂ ಹೆಗಡೆಯವರೂ ಕುಮಟೆಯ ವಕೀಲರ ಹತ್ತಿರ ಹೋದೆವು. ವಕೀಲರು ಅದನ್ನು ಎರಡು ಸಲ ಓದಿದರು. ಆಮೇಲೆ ಮೂರು ಕಾಯಿದೆ ಪುಸ್ತಕ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಗಾಯವಾದದ್ದು ಅಂಬಾಳಿಗೆ ಎಂದರೆ ಅಪಘಾತದ ಪರಿಹಾರ ಕೊಟ್ಟು ಮುಗಿಸಬಹುದು, ಆದರೆ ಬಾಣಂತಿಯನ್ನು ಆರು ವಾರ ಕೆಲಸಕ್ಕೆ ಹಚ್ಚಬಾರದು ಎಂದು ಎರಡನೆಯ ಪುಸ್ತಕ ಹೇಳುತ್ತದೆ. ಇಪ್ಪತ್ತು ದಿನದ ಬಾಣಂತಿಯನ್ನು ಯಂತ್ರದ ಮುಂದೆ ನಿಲ್ಲಿಸಿದ ಹಾಗಾಗುತ್ತದೆ. ಅದೂ ಅಲ್ಲದೆ, ಹತ್ತು ಬೆರಳೂ ಇರುವ ಅಂಬಾಳನ್ನು ಯಾರಾದರೂ ನೋಡಬೇಕು ಎಂದರೆ ಕಥೆ ಮುಗಿಯಿತು. ಗಾಯವಾದದ್ದು ಮಂಜಿಗೆ ಎಂದರೆ ಹಾಜರಿ ಪುಸ್ತಕವೇ ಸುಳ್ಳಾಗುತ್ತದೆ, ಅದಕ್ಕೆ ದಂಡ ಎಂದು ಮೂರನೆಯ ಪುಸ್ತಕ. ಬದಲಿಯವರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಹೆಂಗಸರು ಐವತ್ತು ದಾಟುತ್ತಾರೆ, ಅಲ್ಲಿಗೆ ಕೂಸಿನ ಕೋಣೆಯೂ ಬಂತು. ಒಂದು ಕಾಯಿದೆಗೆ ಸರಿಯಾಗಿ ನಿಂತರೆ ಇನ್ನೊಂದರ ಬಾಯಿಗೆ ಬೀಳುವ ಪರಿಸ್ಥಿತಿ.

ಕೊನೆಗೆ ವಕೀಲರು ನನ್ನ ಕಡೆ ತಿರುಗಿ, ಮಂಜಿ ಎಂಬ ಹೆಸರು ನಿಮ್ಮ ಯಾವುದಾದರೂ ಪುಸ್ತಕದಲ್ಲಿ ಇದೆಯೇ ಎಂದು ಕೇಳಿದರು. ಎಲ್ಲೂ ಇಲ್ಲ ಎಂದೆ. ಅವರ ಮುಖ ತಿಳಿಯಾಯಿತು. ಹಾಗಿದ್ದರೆ ಅವಳು ಕಾರ್ಖಾನೆಯ ಆಳೇ ಅಲ್ಲ ಎಂದರು. ಹೊರಗಿನವಳು, ಯಾರಿಗೋ ಗಂಜಿ ತಂದಿದ್ದಳು, ಕುತೂಹಲಕ್ಕೆ ಯಂತ್ರದೊಳಗೆ ಕೈ ಹಾಕಿದಳು. ಅಂಬಾ ರಜೆಯಲ್ಲಿದ್ದಳು, ಇಪ್ಪತ್ತು ದಿನ ಅವಳಿಗೆ ಹಾಜರಿ ಬಿದ್ದದ್ದೂ ಫಾರಂನಲ್ಲಿ ಅವಳ ಹೆಸರು ಬಂದದ್ದೂ ಗುಮಾಸ್ತರ ಕೈತಪ್ಪು. ಮೂರೂ ಪುಸ್ತಕಗಳನ್ನು ಮುಚ್ಚಿ ಒಂದರ ಮೇಲೊಂದು ಇಟ್ಟರು.

ನಿಜ ಹೇಳುತ್ತೇನೆ, ಹೇಳಲು ನಾಚಿಕೆಯಾಗುತ್ತದೆ. ಆ ಹೊತ್ತಿಗೆ ನನಗೆ ಚುಚ್ಚಿದ್ದು ಮಂಜಿಯ ಬೆರಳಲ್ಲ, ಇಪ್ಪತ್ತು ದಿನದ ಕೈತಪ್ಪು ಎಂಬ ಮಾತು. ಏಳು ವರ್ಷದಲ್ಲಿ ಒಂದು ಚೌಕ ತಪ್ಪದವನು ನಾನು. ಬರುವಾಗ ಬಸ್ಸಿನಲ್ಲಿ ಹೆಗಡೆಯವರಿಗೆ ಅದನ್ನೇ ಹೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

“ಶಾಂತಾರಾಮ, ಆನು ಯಾರ ಬಾಯಿಗೂ ಮಣ್ಣು ಹಾಕಿದ್ನಿಲ್ಲೆ,” ಎಂದರು. “ಪುಸ್ತಕದಲ್ಲಿ ಇಲ್ದಿದ್ದವ್ಕೆ ಆನು ದುಡ್ಡು ಎಂತ ಹೇಳಿ ಕೊಡ್ಲಿ?”

ನಾನು ವಿವರಣೆ ಬರೆದೆ. ವಕೀಲರು ಹೇಳಿದ ಹಾಗೆಯೇ, ದುಂಡಗಿನ ಅಕ್ಷರದಲ್ಲಿ, ಮೂರು ಪ್ರತಿ. ಕೆಳಗೆ ನನ್ನದೇ ಸಹಿ.

ಆಮೇಲೆ ತಿಮ್ಮಪ್ಪನ ಮನೆಗೆ ಹೋಗಿ ಹೇಳಿ ಬರುವ ಕೆಲಸವೂ ನನಗೇ ಬಂತು. ಹೊಳೆ ದಾಟಿ ಹೋದೆ. ತಿಮ್ಮಪ್ಪ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು ಕೂರಿಸಿದ. ಅಧಿಕಾರಿ ಕರೆಸಿ ಕೇಳಿದರೆ ಮಂಜಿ ಗಂಜಿ ತಂದಿದ್ದಳು ಎಂದು ಹೇಳಬೇಕು, ಹಾಗೆ ಹೇಳಿದರೆ ಅಂಬಾಳ ಜಾಗ ಉಳಿಯುತ್ತದೆ, ಇಲ್ಲದಿದ್ದರೆ ಬದಲಿ ಕಳಿಸಿದ ಎಲ್ಲ ಮನೆಗಳ ಜಾಗಕ್ಕೂ ಸಂಚಕಾರ ಬರುತ್ತದೆ ಎಂದೆ. ಯಜಮಾನರು ಕೈಬಿಡುವುದಿಲ್ಲ, ಏನಾದರೂ ಕೊಡುತ್ತಾರೆ ಎಂದೂ ಸೇರಿಸಿದೆ. ಅದು ನನ್ನ ಸ್ವಂತ ಸೇರ್ಪಡೆ. ತಿಮ್ಮಪ್ಪ ಹೆಂಡತಿಯ ಮುಖ ನೋಡಿದ. ಅಂಬಾ ನೆಲ ನೋಡಿದಳು. ಮಂಜಿ ಮೂಲೆಯಲ್ಲಿ ಕೂತು, ಎಡಗೈಯಲ್ಲಿ ತೊಟ್ಟಿಲು ತೂಗುತ್ತಿದ್ದಳು. ಬಲಗೈ ಸೆರಗಿನೊಳಗಿತ್ತು.

“ಗಂಜಿ ಯಾರಿಗೆ ತಂದಿದ್ದೆ ಹೇಳ್ಬೇಕು?” ಎಂದು ಅವಳು ಕೇಳಿದಳು.

ಹಮ್ಮನಿಗೆ ಎಂದೆ.

“ಹಮ್ಮ ಗಂಜಿ ಉಣ್ಣುದಿಲ್ಲ ಭಟ್ರೆ. ಅದು ರೊಟ್ಟಿ ತತ್ತದೆ.”

ಇದು ತಮಾಷೆಯೋ ಸಿಟ್ಟೋ ನನಗೆ ತಿಳಿಯಲಿಲ್ಲ. ಹಾಗಾದರೆ ದುರ್ಗಮ್ಮ ಎಂದು ಹೇಳು ಎಂದು ಎದ್ದು ಬಂದೆ.

ವಿಚಾರಣೆ ನಡೆದದ್ದು ನವೆಂಬರಿನಲ್ಲಿ, ಕುಮಟೆಯ ಪ್ರವಾಸಿ ಬಂಗಲೆಯ ಜಗಲಿಯಲ್ಲಿ. ಅಧಿಕಾರಿ ಮೈಸೂರು ಕಡೆಯವರು, ಸಣ್ಣ ದನಿಯವರು, ಕನ್ನಡಕ ಒರೆಸುತ್ತ ಮಾತಾಡುವವರು. ಒಂದು ಕಡೆ ವಕೀಲರು, ಹೆಗಡೆಯವರು, ಹಾಜರಿ ಪುಸ್ತಕಗಳ ಗಂಟಿನೊಂದಿಗೆ ನಾನು. ಇನ್ನೊಂದು ಕಡೆ ಮಂಜಿ ಮತ್ತು ತಿಮ್ಮಪ್ಪ. ವಕೀಲರು ಮೊದಲು ಮಾತಾಡಿದರು, ಅಚ್ಚುಕಟ್ಟಾಗಿ. ಪುಸ್ತಕಗಳನ್ನು ಮುಂದಿಟ್ಟು ಏಳು ವರ್ಷದಲ್ಲಿ ಈ ಹೆಂಗಸಿನ ಹೆಸರು ಒಂದು ಕಡೆಯಾದರೂ ತೋರಿಸಲಿ ಎಂದರು. ಅಧಿಕಾರಿ ತಿರುವಿ ನೋಡಿದರು. ಇರಲಿಲ್ಲ.

ನೀನು ಗಂಜಿ ತಂದಿದ್ದೆಯಾ ಎಂದು ಅವರು ಮಂಜಿಯನ್ನು ಕೇಳಿದರು. ಅವಳು ತಿಮ್ಮಪ್ಪನ ಕಡೆ ನೋಡಲಿಲ್ಲ, ನಮ್ಮ ಕಡೆಯೂ ನೋಡಲಿಲ್ಲ. ಇಲ್ಲ, ಕೆಲಸಕ್ಕೆ ಬಂದಿದ್ದೆ ಎಂದಳು. ಎಷ್ಟು ವರ್ಷದಿಂದ ಎಂದು ಕೇಳಿದರು. ವರ್ಷದ ಲೆಕ್ಕ ತನಗೆ ಬರುವುದಿಲ್ಲ ಎಂದಳು. ಹಾಗಾದರೆ ಗೊತ್ತಿದ್ದಷ್ಟು ಹೇಳಮ್ಮ ಎಂದರು ಅವರು.

“ದುರ್ಗಮ್ಮಂದು ಎರಡು ಬಾಣಂತನ,” ಎಂದು ಮಂಜಿ ಶುರು ಮಾಡಿದಳು. “ಮೊದಲ್ನೇದ್ರಲ್ಲಿ ಮಣ್ಣು ಹೊತ್ತೆ, ಎರಡ್ನೇದ್ರಲ್ಲಿ ಹಂಚು ಒಣಗ್ಸ್ದೆ. ಮಾದೇವಿಗೆ ಕಾಮಾಲೆ ಆದಾಗ ಎರಡು ತಿಂಗ್ಳು ಭಟ್ಟಿ ಬಾಯಲ್ಲಿದ್ದೆ. ಹಮ್ಮನ ಅವ್ವಿ ಸತ್ತಾಗ ಹದಿನೈದು ದಿನ ಹಂಚು ಬಡ್ದು ಆರ್ಸ್ದೆ, ಹಮ್ಮಂದೇ ಕಾಲು ಮುರ್ದಾಗ ಮತ್ತೆ ನಾಕು ತಿಂಗ್ಳು. ನಮ್ಮ ಅತ್ತಿಗೇದು ಮೂರು ಬಾಣಂತನ. ಮೂರ್ನೇದ್ರಲ್ಲಿ ಕೈ ಹೋಯ್ತು.”

ಇಷ್ಟೇ ಅಲ್ಲ, ಇನ್ನೂ ಹೇಳಿದಳು. ಯಾವ ಮಳೆಗಾಲ, ಯಾರ ಕೂಸು, ಆ ಕೂಸು ಗಂಡೋ ಹೆಣ್ಣೋ, ಅದು ಬದುಕಿದೆಯೋ ಇಲ್ಲವೋ. ಹದಿನಾರು ಮನೆಗಳ ಹೆರಿಗೆ, ಕಾಯಿಲೆ, ಸಾವು ಒಂದೊಂದಾಗಿ ಬಂದವು. ಬರೆದುಕೊಳ್ಳುತ್ತಿದ್ದ ಅಧಿಕಾರಿಯ ಪೆನ್ನು ನಡುವೆ ನಿಂತಿತು. ನಾನು ಮನಸ್ಸಿನೊಳಗೆ ಪುಸ್ತಕ ತಿರುವುತ್ತ ಹೋದೆ. ಮಾದೇವಿಯ ಎರಡು ತಿಂಗಳು, ಸರಿ. ಹಮ್ಮನ ಹದಿನೈದು ದಿನ, ಸರಿ. ಎಲ್ಲಿಯಾದರೂ ಒಂದು ತಪ್ಪು ಸಿಕ್ಕೀತೇ ಎಂದು ಹುಡುಕಿದೆ. ಸಿಕ್ಕಲಿಲ್ಲ.

ಅಧಿಕಾರಿ ನನ್ನ ಕಡೆ ತಿರುಗಿದರು. ಈ ವಿವರಣೆಗೆ ಸಹಿ ಹಾಕಿದವರು ನೀವು, ಈ ಹೆಂಗಸು ಹೇಳಿದ್ದು ಸುಳ್ಳೇ ಎಂದು ಕೇಳಿದರು. ಹೆಗಡೆಯವರು ಕೆಮ್ಮಿದರು. ಸುಳ್ಳು ಎಂದರೆ ಮಂಜಿ ಬರಿಗೈಯಲ್ಲಿ ಹೊಳೆ ದಾಟುತ್ತಾಳೆ; ಸರಿ ಎಂದರೆ ನನ್ನ ಕೆಲಸ ಹೋಗುತ್ತದೆ, ಸುಳ್ಳು ಬರೆದುಕೊಟ್ಟ ಕೇಸೂ ಆದೀತು. ನನಗೆ ಮನೆಯಲ್ಲಿ ಇಬ್ಬರು ತಂಗಿಯರಿದ್ದರು.

“ಸರಿ ಉಂಟು,” ಎಂದೆ.

ಧೈರ್ಯದಿಂದ ಹೇಳಿದೆ ಎಂದು ಯಾರೂ ತಿಳಿಯಬಾರದು. ಲೆಕ್ಕ ಸರಿಯಿದ್ದರೆ ಸರಿಯಿದೆ ಎನ್ನುವುದು ಕೈಗೆ ಹತ್ತಿದ ಚಾಳಿ, ಅದು ಬಾಯಿಗೆ ಬಂತು.

ಆಜ್ಞೆ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಹೆಸರು ಪುಸ್ತಕದಲ್ಲಿರಲಿ ಬಿಡಲಿ, ಕಾರ್ಖಾನೆಯ ಕೆಲಸ ಮಾಡುತ್ತಿದ್ದ ಕೈಗೇ ಗಾಯವಾಗಿದೆ, ಆದ್ದರಿಂದ ಅವಳು ಕಾರ್ಖಾನೆಯ ಕೆಲಸಗಾರ್ತಿ ಎಂದು ಅದರಲ್ಲಿತ್ತು. ಕಾಯಿದೆಯ ಹಿಂದೆ ಒಂದು ಪಟ್ಟಿ ಇದೆ. ಯಾವ ಅಂಗ ಹೋದರೆ ಮನುಷ್ಯನ ದುಡಿಮೆಯ ಶಕ್ತಿ ನೂರಕ್ಕೆ ಎಷ್ಟು ಹೋಯಿತು ಎಂದು ಅದರಲ್ಲಿ ಹಾಕಿದ್ದಾರೆ. ಒಂದು ಕೈಯ ಮೂರು ಬೆರಳಿಗೆ ಮೂವತ್ತು. ಸರಕಾರದ ಕಾಗದದಲ್ಲಿ ಮಂಜಿಯ ಹೆಸರು, ಊರು, ವಯಸ್ಸು ಟೈಪಾಗಿ ಬಂದದ್ದು ನಾನು ನೋಡಿದ್ದು ಅದೇ ಮೊದಲು. ಅದರ ಎದುರಿಗೆ ಮೂವತ್ತು ಎಂದಿತ್ತು.

ನನ್ನ ಕೆಲಸ ಹೋಗಲಿಲ್ಲ. ನನ್ನನ್ನು ತೆಗೆದರೆ ಹೊರಗೆ ಹೋಗಿ ಇನ್ನೇನು ಹೇಳಿಯೇನೋ ಎಂದು ವಕೀಲರು ಎಚ್ಚರಿಸಿದ್ದರು ಎಂದು ಆಮೇಲೆ ತಿಳಿಯಿತು. ಹೆಗಡೆಯವರು ಬಯ್ಯಲೂ ಇಲ್ಲ. ನೀನು ಹೇಳಿದ್ದು ಸುಳ್ಳಲ್ಲ, ಆದರೆ ಇನ್ನು ಮೇಲೆ ಎಲ್ಲವೂ ಕಾಯಿದೆಯ ಪ್ರಕಾರವೇ ಆಗಬೇಕು ಎಂದು ತಣ್ಣಗೆ ಹೇಳಿದರು. ಹಾಗೆಯೇ ಆಯಿತು. ದಂಡ ಕಟ್ಟಿದರು. ಅಂಬಾಳಿಗೆ ಬಾಣಂತನದ ರಜೆಯ ಹಣ ಪೈಸೆ ಬಿಡದೆ ಕೊಟ್ಟರು. ಯಂತ್ರದ ಬಾಯಿಗೆ ಜಾಲರಿ ಬಂತು. ಬದಲಿ ಬರುವುದು ಬಂದ್ ಎಂದು ನಾನೇ ನೋಟೀಸು ಬರೆದು ಬಾಗಿಲಿಗೆ ಅಂಟಿಸಿದೆ, ಓದಲು ಬಾರದವರಿಗೆ ಓದಿ ಹೇಳಿದೆ. ಹೆತ್ತವರಿಗೆ ರಜೆ, ಕಾಯಿಲೆಯವರಿಗೆ ಡಾಕ್ಟರ ಚೀಟಿ. ಇದೆಲ್ಲ ಖರ್ಚಿನ ಬಾಬತ್ತು ಎಂದು ಗೊತ್ತಾದ ಮೇಲೆ ಹೊಸದಾಗಿ ಮದುವೆಯಾದವರನ್ನು ಸೇರಿಸಿಕೊಳ್ಳುವುದೇ ನಿಂತಿತು. ಬಿಟ್ಟವರ ಜಾಗಕ್ಕೆ ಗಂಡಾಳುಗಳು ಬಂದರು. ವರ್ಷ ತುಂಬುವುದರೊಳಗೆ ನಲವತ್ತೆಂಟು ಮೂವತ್ತೈದಾಯಿತು. ಕೂಸಿನ ಕೋಣೆಯ ಮಾತು ತಾನಾಗಿಯೇ ಹೋಯಿತು.

ಜಾಗ ಕಳೆದುಕೊಂಡ ಮನೆಯವರು ಕಾಯಿದೆಯನ್ನು ಬಯ್ಯಲಿಲ್ಲ, ಹೆಗಡೆಯವರನ್ನೂ ಬಯ್ಯಲಿಲ್ಲ. ಅವರ ಸಿಟ್ಟು ಮಂಜಿಯ ಮೇಲೆ ತಿರುಗಿತು. ಅವಳ ಬಾಯಿಂದಲೇ ಹೀಗಾಯಿತು ಎಂದರು. ಅವಳು ದೋಣಿ ಹತ್ತಿದರೆ ಸರಿದು ಜಾಗ ಕೊಡುವವರಿಲ್ಲ ಎಂದು ಕೇಳಿದೆ. ಪರಿಹಾರದ ಹಣ ಬಂತು. ತಿಮ್ಮಪ್ಪ ಅದರಲ್ಲಿ ಮನೆಯ ಮಾಡು ಸರಿ ಮಾಡಿಸಿದ. ಅಲ್ಲಿಗೆ ಮಂಜಿಯ ವಿಷಯ ಮುಗಿಯಿತು ಎಂದು ನಾನು ತಿಳಿದಿದ್ದೆ. ಫೈಲಿಗೆ ದಾರ ಕಟ್ಟಿ ಅಟ್ಟಕ್ಕೆ ಹಾಕಿದೆ.

೧೯೬೬ರ ಫೆಬ್ರುವರಿಯಲ್ಲಿ ಒಂದು ದಿನ ಬೆಳಿಗ್ಗೆ ಹಾಜರಿ ಮುಗಿಸಿ ಒಳಗೆ ಹೋದವನಿಗೆ ಹಂಚು ಆರಿಸುವ ಅಂಗಳದಿಂದ ಹೊಸ ಸದ್ದು ಕೇಳಿತು. ಬಡಿಯುವುದರಲ್ಲೂ ಒಬ್ಬೊಬ್ಬರದು ಒಂದೊಂದು ರೀತಿ ಇರುತ್ತದೆ. ಹೋಗಿ ನೋಡಿದರೆ ಮಂಜಿ. ಯಾರೂ ಕರೆದಿರಲಿಲ್ಲ. ಬಂದು, ಭಟ್ಟಿಯಿಂದ ತೆಗೆದ ಹಂಚಿನ ರಾಶಿಯ ಮುಂದೆ ಕೂತಿದ್ದಳು. ಬಲಗೈಯ ಉಳಿದೆರಡು ಬೆರಳಲ್ಲಿ ಹಂಚು ಹಿಡಿದು, ಎಡಗೈಯ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು, ಒಂದನ್ನು ಈ ಕಡೆ ಇನ್ನೊಂದನ್ನು ಆ ಕಡೆ ಇಡುತ್ತಿದ್ದಳು. ಪಕ್ಕದ ಹೆಂಗಸರು ಬೆನ್ನು ಹಾಕಿ ಕೂತಿದ್ದರು.

ನಾನು ಹೆಗಡೆಯವರಿಗೆ ಹೇಳಿದೆ. ಅವರು ಟೆಲಿಫೋನಿನಲ್ಲಿ ಕುಮಟೆಯ ವಕೀಲರನ್ನು ಕೇಳಿದರು. ಪೆಟ್ಟಾದವರಿಗೆ ಹಣ ಕೊಡಬೇಕೆಂದು ಕಾಯಿದೆ ಉಂಟು, ಅವರನ್ನು ಮತ್ತೆ ಕೆಲಸಕ್ಕೆ ಇಟ್ಟುಕೊಳ್ಳಬೇಕೆಂದು ಯಾವ ಕಾಯಿದೆಯೂ ಇಲ್ಲ ಎಂದರಂತೆ ಅವರು. ಇಟ್ಟುಕೊಂಡು ಉಳಿದ ಕೈಗೂ ಏನಾದರೂ ಆದರೆ ಮತ್ತೆ ಹೊಸದಾಗಿ ಕೊಡಬೇಕಾಗುತ್ತದೆ. ಅರ್ಧ ದಿನ ದುಡಿಯಲು ಬಿಟ್ಟರೂ ಕೆಲಸಕ್ಕೆ ತೆಗೆದುಕೊಂಡ ಹಾಗೆ ಆಗುತ್ತದೆ, ಹನ್ನೆರಡು ಹೊಡೆಯುವುದರೊಳಗೆ ಕಳಿಸಿ ಎಂದೂ ಹೇಳಿದರಂತೆ.

ನಾನು ಅಂಗಳಕ್ಕೆ ಹೋದೆ. ಮೊದಲು ಅವಳು ಮೊದಲ ದರ್ಜೆ ಎಂದು ಇಟ್ಟಿದ್ದ ಸಾಲಿನಿಂದ ಐದು ಹಂಚು ತೆಗೆದು ಬಡಿದು ನೋಡಿದೆ. ಐದೂ ಸರಿ ಇದ್ದವು. ಏಕೆ ನೋಡಿದೆನೋ ಗೊತ್ತಿಲ್ಲ. ಒಂದಾದರೂ ಒಡಕು ಸಿಕ್ಕಿದ್ದರೆ ಹೇಳುವುದು ಸುಲಭವಾಗುತ್ತಿತ್ತು. ಆಮೇಲೆ ಹೇಳಿದೆ. ಹೆಗಡೆಯವರು ಬೇಡ ಎಂದಿದ್ದಾರೆ, ಕಾಯಿದೆಯಲ್ಲಿ ಅವಕಾಶ ಇಲ್ಲ, ನಿನ್ನ ಹೆಸರು ಪುಸ್ತಕದಲ್ಲಿ ಬರೆಯುವ ಹಾಗಿಲ್ಲ ಎಂದೆ.

ಮಂಜಿ ಕೈಯಲ್ಲಿದ್ದ ಹಂಚನ್ನು ಕೆಳಗಿಡದೆ ನನ್ನ ಮುಖ ನೋಡಿದಳು. ಸಿಟ್ಟು ಇರಲಿಲ್ಲ. ನಾನು ಏನೋ ತಪ್ಪು ತಿಳಿದಿದ್ದೇನೆ, ಅದನ್ನು ಸರಿಪಡಿಸಿದರೆ ಆಯಿತು ಎನ್ನುವ ಹಾಗಿತ್ತು ಅವಳ ಮುಖ.

“ನನ್ನ ಹೆಸ್ರೇ ಆಗ್ಬೇಕು ಹೇಳಿ ಇಲ್ಲ ಭಟ್ರೆ,” ಎಂದಳು. “ಯಾರ ಹೆಸ್ರಾದ್ರೂ ಆತು, ಬರ್ಕಣಿ.”

ಈಗ ಹಾಗೆಲ್ಲ ಬರೆಯಲು ಬರುವುದಿಲ್ಲ ಎಂದೆ. ಅವಳು ಕೈಯಲ್ಲಿದ್ದ ಹಂಚನ್ನು ಒಮ್ಮೆ ಬಡಿದು, ಕೇಳಿ, ಎರಡನೆಯ ದರ್ಜೆಯ ಸಾಲಿಗೆ ಇಟ್ಟು ಎದ್ದಳು. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇತ್ತು.